ಲ್ಯಾನ್ಸ್‌ಡೌನ್ ಕಟ್ಟಡ: ಅಂಗಡಿಸಾಲಿನ ನೆನಪು, ಕುಸಿತದ ಪಾಠ

ಮೈಸೂರಿನ ಅರಮನೆಯನ್ನು ನೋಡಲು ಬರುವವರಲ್ಲಿ ಬಹುಮಂದಿ ಗಮನಿಸದ ಸಂಗತಿಯೊಂದಿದೆ. ಅವರು ಬೆರಗಿನಿಂದ ನೋಡುವ ಅರಮನೆಗಿಂತ ಸಮೀಪದ ಅಂಗಡಿಸಾಲೊಂದು ವಯಸ್ಸಿನಲ್ಲಿ ಹಿರಿಯದು. ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದ ಇಂದಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಚಿಕ್ಕಗಡಿಯಾರದ ಬಳಿಯ ಲ್ಯಾನ್ಸ್‌ಡೌನ್ ಕಟ್ಟಡವಾದರೋ 1892ರದು. ಆ ವರ್ಷ ಮೈಸೂರಿಗೆ ಬಂದ ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್‌ರ ಹೆಸರನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದ ಈ ಮಳಿಗೆಗಳಿಗೆ ಇಡಲಾಯಿತು.

ಆದರೆ ಹೆಸರು ವೈಸರಾಯ್‌ದಾದರೂ ಬಾಳು ಜನಸಾಮಾನ್ಯರದಾಗಿತ್ತು. ಒಂದು ಕಡೆ ದೇವರಾಜ ಮಾರುಕಟ್ಟೆಯ ಹೂವು, ವೀಳ್ಯದೆಲೆ, ಬಾಳೆಹಣ್ಣು. ಇನ್ನೊಂದು ಕಡೆ ಜಗನ್ಮೋಹನ ಅರಮನೆಯ ಹಾದಿ. ನಡುವಿನ ಈ ಎರಡಂತಸ್ತಿನ ಅಂಗಡಿಸಾಲು ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಹಳೆಯ ಪುಸ್ತಕಗಳ ತಾಣವೆಂದೇ ಪರಿಚಿತ. ಶಾಲೆ ಕಾಲೇಜು ತೆರೆಯುವ ದಿನಗಳಲ್ಲಿ ಕಳೆದ ವರ್ಷದ ಪಠ್ಯವನ್ನು ಮಾರಿ, ಬಂದ ಹಣಕ್ಕೆ ಅಷ್ಟಿಷ್ಟು ಸೇರಿಸಿ ಮುಂದಿನ ತರಗತಿಯದನ್ನು ಕೊಳ್ಳುವುದು ಮಧ್ಯಮವರ್ಗದ ಮನೆಗಳ ಲೆಕ್ಕಾಚಾರವಾಗಿತ್ತು. ಪುಸ್ತಕದ ಮೊದಲ ಪುಟದಲ್ಲಿ ಹಿಂದಿನ ಒಡೆಯನ ಹೆಸರು, ಒಳಗೆ ಆತ ಅಡಿಗೆರೆ ಎಳೆದ ಸಾಲುಗಳು. ಕಾಣದ ಅಣ್ಣನೊಬ್ಬ ಪಾಠ ಹೇಳಿಕೊಟ್ಟಂತೆ! ಗ್ರಂಥಾಲಯದ ಸದಸ್ಯತ್ವವಿಲ್ಲದವರಿಗೂ ಓದು ದಕ್ಕಿದ್ದು ಇಂಥ ಅಂಗಡಿಗಳಿಂದ.

2012ರ ಆಗಸ್ಟ್ 25ರಂದು ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಬಳಿಕ ಮಳಿಗೆಗಳು ತೆರವಾದವು. ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂದು ಒಂದು ವಾದ; ದುರಸ್ತಿ ಮಾಡಿ ಉಳಿಸಿಕೊಳ್ಳಬಹುದೆಂದು ಪರಂಪರೆ ತಜ್ಞರ ಪ್ರತಿವಾದ. ಈ ಚರ್ಚೆಯಲ್ಲಿಯೇ ಒಂದು ದಶಕಕ್ಕೂ ಹೆಚ್ಚು ಕಾಲ ಉರುಳಿತು. ಈ ನಡುವೆ 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ದೇವರಾಜ ಮಾರುಕಟ್ಟೆಯ ಉತ್ತರದ ದ್ವಾರದ ಭಾಗ ನೆಲಕ್ಕುರುಳಿತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗವೂ ಕುಸಿಯಿತು.

ನಾಲ್ಕು ಜೀವಗಳಿಗಿಂತ ಗೋಡೆ ದೊಡ್ಡದೆಂದು ಯಾರೂ ಹೇಳಲಾರರು. ಆದರೆ ಹಳೆಯದಾದುದರಿಂದಲೇ ಕಟ್ಟಡ ಬೀಳುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಬೇಕಿದೆ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಉಳಿಯುತ್ತದೆ. ಮಳೆನೀರಿನ ಕೊಳವೆ ಕಟ್ಟಿಕೊಂಡರೆ ಮರದ ತೊಲೆಯ ತುದಿ ಕೊಳೆಯುತ್ತದೆ. ಬಿರುಕಿನಲ್ಲಿ ಮೊಳೆತ ಅರಳಿ ಸಸಿಯನ್ನು ಎಳೆಯದಿರುವಾಗಲೇ ಕೀಳದಿದ್ದರೆ ಅದರ ಬೇರು ಇಟ್ಟಿಗೆಗಳನ್ನು ಬೇರ್ಪಡಿಸುತ್ತದೆ. ಇವೆಲ್ಲ ವಯಸ್ಸಿನ ರೋಗಗಳಲ್ಲ, ಆರೈಕೆಯ ಕೊರತೆಯ ಫಲ. ಬಳಕೆ ನಿಂತು ಬೀಗ ಬಿದ್ದ ಕಟ್ಟಡದಲ್ಲಿ ಈ ಕೆಡುಕುಗಳನ್ನು ಗಮನಿಸುವವರೂ ಇರುವುದಿಲ್ಲ.

ಹೀಗಾಗಿ ಕೆಡಹುವುದು, ಉಳಿಸುವುದು ಎಂಬ ಎರಡು ದಾರಿಗಳಿಗಿಂತಲೂ ಅಪಾಯಕಾರಿಯಾದ ಮೂರನೆಯದೊಂದಿದೆ: ಏನನ್ನೂ ಮಾಡದೆ ಕಾಯುವುದು. ಮುಂಭಾಗದ ರೂಪವನ್ನು ಅನುಕರಿಸಿ ಹೊಸ ಕಟ್ಟಡ ನಿಲ್ಲಿಸಬಹುದು. ಆದರೆ ಬಾಡಿಗೆ ಹೆಚ್ಚಿದ ಮಳಿಗೆಗೆ ಹಳೆಯ ಪುಸ್ತಕದ ವ್ಯಾಪಾರಿ ಮರಳಿ ಬರಲಾದೀತೆ? ಪರಂಪರೆಯ ಚರ್ಚೆಯಲ್ಲಿ ಕಮಾನು, ಕಂಬಗಳಿಗೆ ಸಿಕ್ಕಷ್ಟು ಜಾಗ ಅವುಗಳ ಕೆಳಗೆ ಬದುಕು ಕಟ್ಟಿಕೊಂಡವರಿಗೆ ಸಿಕ್ಕಿಲ್ಲ.

ನಮ್ಮ ನಗರಗಳಲ್ಲಿ ಇನ್ನೂ ಜನ ದುಡಿಯುತ್ತಿರುವ, ಕಲಿಯುತ್ತಿರುವ ಹಳೆಯ ಕಟ್ಟಡಗಳಿಗೆ ಕಾಲಕಾಲಕ್ಕೆ ತಪಾಸಣೆ, ಅದರ ವರದಿಯ ಬಹಿರಂಗ ಪ್ರಕಟಣೆ, ದುರಸ್ತಿಗೆ ಮೀಸಲಾದ ಹಣ ಹಾಗೂ ತೆರವಾದವರ ಮರುಪ್ರವೇಶಕ್ಕೆ ಲಿಖಿತ ಭರವಸೆ ಬೇಕು. ಅಷ್ಟೂ ಆಗಬೇಕಾದುದು ಮಳೆಗಾಲಕ್ಕೆ ಮುನ್ನ, ಗೋಡೆ ಬಿದ್ದ ಮೇಲಲ್ಲ.