ಕಲ್ಲಿನ ಗುಣಭೇದವೂ ಕಲ್ಲೆಣ್ಣೆಯ ಲೆಕ್ಕವೂ

ಭೂಗರ್ಭದಲ್ಲಿ ಎಣ್ಣೆಯುಂಟೆಂದೊಡನೆ ಅದು ಕೆರೆಯಂತೆ ತುಂಬಿ ನಿಂತಿರುವುದೆಂದು ಹಲವರು ಭಾವಿಸುವರು. ವಾಸ್ತವವಾಗಿ ಅದು ಮರಳುಗಲ್ಲಿನಂತಹ ಶಿಲೆಗಳ ಅತಿ ಸೂಕ್ಷ್ಮವಾದ ರಂಧ್ರಗಳಲ್ಲಿ ಅಡಗಿರುತ್ತದೆ. ಕಲ್ಲಿನಲ್ಲಿ ಎಷ್ಟು ಸ್ಥಳವುಂಟೆಂಬುದು ಒಂದು ಗುಣ. ಅದು ಎಣ್ಣೆಯನ್ನು ಎಷ್ಟು ಸುಲಭವಾಗಿ ಹರಿಯಗೊಡುವುದೆಂಬುದು ಮತ್ತೊಂದು. ಈ ಹರಿವಿನ ನಿಯಮವನ್ನು ಫ್ರಾನ್ಸ್ ದೇಶದ ಹೆನ್ರಿ ಡಾರ್ಸಿ ಎಂಬ ಎಂಜಿನಿಯರನು 1856ರಲ್ಲಿ ಪ್ರಕಟಿಸಿದನು. ಆತನು ಪರೀಕ್ಷಿಸಿದುದು ಎಣ್ಣೆಯನ್ನಲ್ಲ, ದಿಜೋನ್ ಪಟ್ಟಣದಲ್ಲಿ ಮರಳಿನ ಮೂಲಕ ಸೋಸುವ ನೀರನ್ನು!

ಒಂದು ಬಾವಿಯಲ್ಲಿ ನೀರನ್ನು ಒತ್ತಡದಿಂದ ಇಳಿಸಿ, ಅದು ದೂಡಿದ ಎಣ್ಣೆಯನ್ನು ಬೇರೆ ಬಾವಿಗಳಲ್ಲಿ ತೆಗೆಯುವ ಪದ್ಧತಿಯುಂಟು. ಎಷ್ಟು ದೊರಕೀತೆಂಬುದನ್ನು ಮುಂದಾಗಿ ಅರಿಯುವುದಕ್ಕೆ ತಜ್ಞರು ಆ ಶಿಲೆಯನ್ನು ಗಣಕಯಂತ್ರದಲ್ಲಿ ಚೌಕಾಬಾರದ ಹಲಗೆಯಂತೆ ಮನೆಗಳಾಗಿ ವಿಭಾಗಿಸಿ, ಮನೆಮನೆಗೂ ಗುಣಗಳನ್ನು ಕೊಟ್ಟು ಲೆಕ್ಕಮಾಡುವರು. ಮನೆಗಳು ಹೆಚ್ಚಿದಷ್ಟೂ ಲೆಕ್ಕಕ್ಕೆ ಕಾಲ ಹೆಚ್ಚು ಹಿಡಿಯುವುದರಿಂದ, ಅನೇಕ ಮನೆಗಳನ್ನು ಕೂಡಿಸಿ ಸರಾಸರಿಯೊಂದನ್ನು ಕೊಡುವುದುಂಟು. ತೊಡಕಿರುವುದು ಇಲ್ಲಿಯೇ.

ಸಮಾನ ದಪ್ಪದ ಎರಡು ಪದರಗಳಿರಲಿ; ಒಂದರ ಹರಿಯಗೊಡುವ ಶಕ್ತಿ 1,000 ಮಿಲಿಡಾರ್ಸಿ, ಇನ್ನೊಂದರದು 10. ಪದರಗಳ ಉದ್ದಕ್ಕೆ ಹರಿವಾದರೆ ತಕ್ಕ ಸರಾಸರಿ 505; ಅವುಗಳನ್ನು ಅಡ್ಡಹಾಯ್ದು ಹರಿದರೆ ಸುಮಾರು 20 ಮಾತ್ರ! ಕಲ್ಲು ಅದೇ, ದಿಕ್ಕು ಬೇರೆ. ಅಲ್ಲದೆ 505 ಎಂಬ ಸಂಖ್ಯೆಯೂ ಪೂರ್ಣಸತ್ಯವಲ್ಲ. ನೀರು ಎರಡು ಪದರಗಳಲ್ಲಿಯೂ ಸಮನಾಗಿ ಮುನ್ನಡೆಯದೆ ಸಡಿಲವಾದುದರಲ್ಲಿ ಓಡಿ, ಎಣ್ಣೆಯ ಬಾವಿಯನ್ನು ಬಹು ಬೇಗನೆ ಸೇರುವುದು. ಬಿಗಿಯಾದ ಪದರದ ಎಣ್ಣೆಯು ಬಹುಮಟ್ಟಿಗೆ ಅಲ್ಲಿಯೇ ಉಳಿಯುವುದು. ಸರಾಸರಿ ಕಲ್ಲನ್ನು ನಂಬಿದ ಲೆಕ್ಕವಾದರೋ ಆ ಎಣ್ಣೆಯನ್ನೂ ಕೈಗೆ ಬಂದುದೆಂದೇ ಎಣಿಸುವುದು. ಕಡಲಿನ ನಡುವೆ ಅಪಾರ ದ್ರವ್ಯವನ್ನು ವೆಚ್ಚಮಾಡಿ ಬಾವಿ ತೋಡುವವರಿಗೆ ಇದು ಅಲ್ಪವಾದ ದೋಷವಲ್ಲ.

ಇದನ್ನು ಒರೆಗೆ ಹಚ್ಚಲೆಂದೇ ರಚಿಸಿದ ಮಾದರಿಯೊಂದು 2001ರಲ್ಲಿ ಪ್ರಕಟವಾಯಿತು. ಅದು ಉತ್ತರ ಸಮುದ್ರದ ಬ್ರೆಂಟ್ ಶಿಲಾಶ್ರೇಣಿಯನ್ನು ಅನುಸರಿಸಿದುದು. ಉದ್ದ 2,200 ಅಡಿ, ಅಗಲ 1,200 ಅಡಿ, ದಪ್ಪ 170 ಅಡಿ, ಮನೆಗಳು 11,22,000. ನಡುವೆ ನೀರಿಳಿಸುವ ಬಾವಿ, ನಾಲ್ಕು ಮೂಲೆಗಳಲ್ಲಿ ಎಣ್ಣೆಯ ಬಾವಿಗಳು. ಮೇಲಿನ 70 ಅಡಿಯು ಪ್ರಾಚೀನ ಕಡಲತೀರದ ನಿಕ್ಷೇಪವಾದುದರಿಂದ ಗುಣಗಳು ಅಲ್ಲಿ ಮೆಲ್ಲಮೆಲ್ಲನೆ ಮಾರ್ಪಡುತ್ತವೆ. ಕೆಳಗಿನ 100 ಅಡಿಯಲ್ಲಿ ಪುರಾತನ ನದಿಗಳ ಮರಳು ಹಾವಿನಂತೆ ಹರಿದಾಡಿದೆ. ನಮ್ಮ ಎಣಿಕೆಯಲ್ಲಿ ನಿಜವಾದ ಪರೀಕ್ಷೆಯು ಈ ಭಾಗವೇ. ಸೂಕ್ಷ್ಮ ಮನೆಗಳನ್ನೇ ಇಟ್ಟುಕೊಂಡು ಲೆಕ್ಕಿಸಿದವರ ಉತ್ತರಗಳು ಒಂದಕ್ಕೊಂದು ಚೆನ್ನಾಗಿ ಹೊಂದಿದುವು. ಮನೆಗಳನ್ನು ಕೂಡಿಸಿದವರ ಉತ್ತರಗಳು ಕೂಡಿಸಿದ ವಿಧಾನದಂತೆ ಬೇರೆಬೇರೆಯಾದುವು.