ನಿಮ್ಮ ಮನೆಯ ಯಂತ್ರಗಳ ವಿಳಾಸ ನಿಮಗೆ ಗೊತ್ತೇ?

ಸಿರುಗುಪ್ಪದ ಪಿನ್ ಕೋಡ್ 583121. ಆದರೆ ಮನೆ ನಂಬರ್ 5 ಎಂಬುದು ಸಿರುಗುಪ್ಪದಲ್ಲೂ ಇರುತ್ತದೆ, ತೆಕ್ಕಲಕೋಟೆಯಲ್ಲೂ ಇರುತ್ತದೆ. ಅಂಚೆಯಣ್ಣನಿಗೆ ಗೊಂದಲವಾಗುವುದಿಲ್ಲ. ಹೊರಗಿನ ವಿಳಾಸ ಬೇರೆ, ಒಳಗಿನ ವಿಳಾಸ ಬೇರೆ.

ಮನೆಯಲ್ಲಿ ವೈ-ಫೈ ಇದ್ದರೆ ನೀವು ಇದೇ ಏರ್ಪಾಟಿನಲ್ಲಿ ಬದುಕುತ್ತಿದ್ದೀರಿ. ಮೊಬೈಲು, ಟಿ.ವಿ., ಪ್ರಿಂಟರ್, ಬಾಗಿಲ ಮೇಲಿನ ಕ್ಯಾಮರಾ, ಎಲ್ಲಕ್ಕೂ ರೌಟರ್ ಒಂದೊಂದು ಐಪಿ ವಿಳಾಸ ಕೊಟ್ಟಿರುತ್ತದೆ. ಸಾಮಾನ್ಯವಾಗಿ ಅದು 192.168.1.5 ಎಂಬಂತಿರುತ್ತದೆ. ಮೊದಲ ಮೂರು ಅಂಕಿ ಮನೆಯದ್ದು, ಕೊನೆಯದು ಯಂತ್ರದ್ದು. 1 ಬಹುಪಾಲು ರೌಟರಿಗೇ ಮೀಸಲು. ಪಕ್ಕದ ಮನೆಯಲ್ಲೂ ಇದೇ ಅಂಕಿಗಳಿದ್ದರೆ ತೊಂದರೆಯಿಲ್ಲ, ಅವು ಮನೆಯ ಹೊಸ್ತಿಲು ದಾಟುವುದಿಲ್ಲ. ಹೊರಜಗತ್ತಿಗೆ ಕಾಣುವುದು ಇಂಟರ್‌ನೆಟ್ ಕಂಪೆನಿ ಕೊಟ್ಟ ಬೇರೊಂದು ವಿಳಾಸ.

ಹೀಗೇಕೆ? ಈ ಬಗೆಯ ವಿಳಾಸಗಳು ಒಟ್ಟು ಇರುವುದೇ ಸುಮಾರು 430 ಕೋಟಿ. ಭೂಮಿಯ ಮೇಲಿನ ಜನರಿಗೇ ಸಾಲದು! ಅದಕ್ಕಾಗಿ 1994ರಲ್ಲಿ ಕೆಲವು ಅಂಕಿಗಳನ್ನು ಮನೆ, ಕಚೇರಿಗಳ ಒಳಬಳಕೆಗೆಂದು ಬಿಟ್ಟುಕೊಡಲಾಯಿತು. ಆದರೂ 2011ರ ಫೆಬ್ರವರಿಯಲ್ಲಿ ಜಗತ್ತಿನ ಕೇಂದ್ರ ದಾಸ್ತಾನು ಬರಿದಾಯಿತು. ಈಗ ಐಪಿವಿ6 ಎಂಬ ಉದ್ದನೆಯ ಹೊಸ ವಿಳಾಸಗಳೂ ಜೊತೆಜೊತೆಗೇ ಬಳಕೆಯಲ್ಲಿವೆ.

ರೌಟರ್ ಕೊಡುವ ವಿಳಾಸ ಬಾಡಿಗೆ ಮನೆಯಿದ್ದಂತೆ, ಬದಲಾಗಬಹುದು. ಕರೆಂಟು ಹೋಗಿ ಬಂದ ಮೇಲೆ ಪ್ರಿಂಟರಿಗೆ ಹೊಸ ಅಂಕಿ ಸಿಕ್ಕಿದರೆ, ಕಂಪ್ಯೂಟರ್ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಮಗಳ ಅರ್ಜಿಗೆ ಅಂದೇ ಕೊನೆಯ ದಿನ, ಪ್ರಿಂಟ್ ಮಾತ್ರ ಬರುವುದಿಲ್ಲ! ಯಂತ್ರ ಕೆಟ್ಟಿತೆಂದು ರಿಪೇರಿಗೆ ದುಡ್ಡು ಸುರಿಯಬೇಡಿ. ರೌಟರಿನ ಸೆಟ್ಟಿಂಗಿನಲ್ಲಿ ಪ್ರಿಂಟರಿಗೆ ಒಂದು ಅಂಕಿಯನ್ನು ಕಾಯ್ದಿರಿಸಿದರೆ ಸಾಕು. ಮನಸ್ಸಿಗೆ ಬಂದ ಅಂಕಿಯನ್ನು ಪ್ರಿಂಟರಿನಲ್ಲೇ ಬರೆದಿಟ್ಟರೆ ಅದೇ ಅಂಕಿ ಇನ್ನೊಂದು ಮೊಬೈಲಿಗೂ ಹೋಗಿ, ಎರಡೂ ತಕರಾರು ತೆಗೆಯುತ್ತವೆ. ಇನ್ನು, ವಿಳಾಸ 169.254 ಎಂದು ಶುರುವಾಗಿದ್ದರೆ ಆ ಯಂತ್ರಕ್ಕೆ ರೌಟರಿನಿಂದ ಏನೂ ಸಿಕ್ಕಿಲ್ಲ, ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ವೈರು, ಪಾಸ್‌ವರ್ಡ್ ನೋಡಿ, ರೌಟರನ್ನು ಒಮ್ಮೆ ಆರಿಸಿ ಹಚ್ಚಿ.

ಸಹೋದರಿಯರೇ, ಕ್ಯಾಮರಾದ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ದೂರದ ಊರಿನಿಂದ ಮನೆ ನೋಡಲೆಂದು ಕೆಲವರು ರೌಟರಿನಲ್ಲಿ ಕ್ಯಾಮರಾಕ್ಕೆ ನೇರ ದಾರಿ ತೆರೆಸುತ್ತಾರೆ. ಆಗ ಒಳಗಿನ ವಿಳಾಸದ ಆಸರೆ ತಪ್ಪಿ ಕ್ಯಾಮರಾ ಬೀದಿಗೆ ಬಿದ್ದಂತೆ. ಅದರ ಪಾಸ್‌ವರ್ಡ್ ಕಾರ್ಖಾನೆಯಲ್ಲಿ ಕೊಟ್ಟದ್ದೇ ಆಗಿದ್ದರೆ ಅಪರಿಚಿತರೂ ಇಣುಕಬಹುದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮರಾ, ರೌಟರ್‌ಗಳನ್ನು ವಶಮಾಡಿಕೊಂಡದ್ದು ಇಂಥ ಬದಲಾಯಿಸದ ಪಾಸ್‌ವರ್ಡ್‌ಗಳ ಮೂಲಕವೇ. ಹೆಣ್ಣುಮಕ್ಕಳು ಓಡಾಡುವ ನಡುಮನೆಗೆ ಕ್ಯಾಮರಾ ಏಕೆ ಬೇಕೆಂಬುದು ಬೇರೆಯೇ ಪ್ರಶ್ನೆ. ಹಾಕಿದ್ದರೆ, ಜೋಡಿಸಲು ಬಂದವನು ಹೊರಡುವ ಮುನ್ನ ನಿಮ್ಮೆದುರೇ ಪಾಸ್‌ವರ್ಡ್ ಬದಲಿಸಲು ಹೇಳಿ, ಹೊಸದನ್ನು ನೀವೇ ಟೈಪ್ ಮಾಡಿ. ರೌಟರಿನದ್ದನ್ನೂ ಬದಲಿಸಿ. ಅದರ ವಿಳಾಸ ಡಬ್ಬಿಯ ಅಡಿಯ ಚೀಟಿಯಲ್ಲೇ ಇರುತ್ತದೆ.