ಪುಟದ ಹಿಂದಿನ ಗಡಿಯಾರ

ಜಾಲತಾಣದ ಪುಟವೊಂದನ್ನು ತೆರೆಯುವಾಗ, ಅದು ಮುದ್ರಿತ ಪುಸ್ತಕದ ಹಾಳೆಯಂತೆ ಮೊದಲೇ ಸಿದ್ಧವಾಗಿ ಎಲ್ಲಿಯೋ ಇದೆಯೆಂದು ಭಾವಿಸುವುದು ಸಹಜ. ಅನೇಕ ವೇಳೆ ಹಾಗಿರುವುದಿಲ್ಲ. ಲೇಖನದ ಮಾತುಗಳು ಒಂದೆಡೆ, ಚಿತ್ರಗಳು ಇನ್ನೊಂದೆಡೆ, ಪುಟದ ಚೌಕಟ್ಟು ಮತ್ತೊಂದೆಡೆ ಇರುತ್ತವೆ. ಓದುಗನು ಕೇಳಿದಾಗ ಇವನ್ನೆಲ್ಲ ಕೂಡಿಸಿ ಪುಟವನ್ನು ಕಟ್ಟಿಕೊಡುವ, ಬರೆಯುವವರಿಗೆ ಬರೆಯಲೂ ತಿದ್ದಲೂ ಅನುವು ಮಾಡಿಕೊಡುವ ತಂತ್ರಾಂಶಕ್ಕೆ ವಿಷಯ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ವಿಕಿಪೀಡಿಯ ಎಂಬ ವಿಶ್ವಕೋಶವನ್ನು ನಡೆಸುವ ಮೀಡಿಯಾವಿಕಿ ಈ ಬಗೆಯದು. ಇಂಗ್ಲಿಷ್ ವಿಕಿಪೀಡಿಯವೂ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಇದೇ ತಂತ್ರಾಂಶದ ಆಧಾರದ ಮೇಲೆ ನಿಂತಿವೆ.

ಕೇಳಿದವರಿಗೆಲ್ಲ ಪ್ರತಿಸಲವೂ ಹೊಸದಾಗಿ ಪುಟ ಕಟ್ಟುತ್ತ ಕುಳಿತರೆ ಯಾವ ಯಂತ್ರಕ್ಕೂ ಪೂರೈಸದು. ಆದುದರಿಂದ ಒಮ್ಮೆ ಕಟ್ಟಿದ ಪುಟದ ಪ್ರತಿಯನ್ನು ತೆಗೆದಿಟ್ಟುಕೊಂಡು, ಮುಂದೆ ಕೇಳಿದವರಿಗೆ ಅದನ್ನೇ ನೀಡುತ್ತಾರೆ. ಇಂಥ ಸಂಗ್ರಹಕ್ಕೆ ಕ್ಯಾಶ್ ಎನ್ನುತ್ತಾರೆ. ವಿಕಿಪೀಡಿಯದ ಮುಖ್ಯ ಸರ್ವರುಗಳು ಅಮೆರಿಕದ ವರ್ಜೀನಿಯ ಮತ್ತು ಟೆಕ್ಸಾಸ್ ರಾಜ್ಯಗಳಲ್ಲಿವೆ. ಏಷ್ಯದ ಓದುಗರಿಗೆ ಹತ್ತಿರವಾಗಲೆಂದು 2018ರಲ್ಲಿ ಸಿಂಗಪುರದಲ್ಲಿಯೂ ಇಂಥ ಪ್ರತಿಗಳ ಕೇಂದ್ರವೊಂದನ್ನು ತೆರೆದರು.

ಈ ಏರ್ಪಾಡು ಎಡವಿದ ಒಂದು ದಿನವುಂಟು. 2009ರ ಜೂನ್ 25ರಂದು ಪ್ರಸಿದ್ಧ ಗಾಯಕ ಮೈಕಲ್ ಜಾಕ್ಸನ್ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡರು. ಸುದ್ದಿ ಹಬ್ಬಿದೊಡನೆ ಜಗತ್ತಿನ ಮೂಲೆಮೂಲೆಗಳಿಂದ ಜನ ಅವರ ಕುರಿತ ಒಂದೇ ಲೇಖನವನ್ನು ತೆರೆಯತೊಡಗಿದರು. ಅದೇ ವೇಳೆಗೆ ಬರಹಗಾರರು ಆ ಲೇಖನವನ್ನು ಮತ್ತೆ ಮತ್ತೆ ತಿದ್ದತೊಡಗಿದರು. ಲೇಖನವನ್ನು ತಿದ್ದಿದೊಡನೆ ಹಳೆಯ ಪ್ರತಿ ರದ್ದಾಗುತ್ತದೆ, ಹೊಸದನ್ನು ಕಟ್ಟಬೇಕಾಗುತ್ತದೆ. ಅದೋ ನೂರಾರು ಅಡಿಟಿಪ್ಪಣಿಗಳುಳ್ಳ ದೀರ್ಘ ಲೇಖನ. ಕಟ್ಟಲು ಹಲವು ಸೆಕೆಂಡುಗಳೇ ಬೇಕು. ಮೊದಲನೆಯ ಸರ್ವರು ಕಟ್ಟಿ ಮುಗಿಸುವಷ್ಟರಲ್ಲಿ ಇನ್ನೊಂದು, ಮತ್ತೊಂದು, ಹೀಗೆ ಎಲ್ಲ ಸರ್ವರುಗಳೂ ಅದೇ ಪುಟವನ್ನು ಬೇರೆ ಬೇರೆಯಾಗಿ ಕಟ್ಟಲು ತೊಡಗಿದವು. ಉಳಿದ ಲೇಖನಗಳನ್ನು ಕೇಳಿದವರಿಗೂ ಬಾಗಿಲು ಮುಚ್ಚಿದಂತಾಯಿತು. ಮುಂದೆ ಇದಕ್ಕೊಂದು ಉಪಾಯವನ್ನು ಅಳವಡಿಸಿದರು. ಒಂದು ಪುಟವನ್ನು ಯಾರೋ ಒಬ್ಬರು ಕಟ್ಟುತ್ತಿರುವಾಗ ಉಳಿದವರು ಕಾಯಬೇಕು, ಇಲ್ಲವೆ ಹಳೆಯ ಪ್ರತಿಯನ್ನು ಕೊಟ್ಟು ಸುಮ್ಮನಿರಬೇಕು. ಒಂದೇ ಕೊಡವನ್ನು ತುಂಬಿಸಲು ಊರವರೆಲ್ಲ ಏಕಕಾಲಕ್ಕೆ ಬಾವಿಗೆ ಹಗ್ಗ ಬಿಡುವುದನ್ನು ತಪ್ಪಿಸಿದ ಹಾಗೆ.

ಇಂಥ ದೋಷದ ಮೂಲವನ್ನು ಅರಿಯಬೇಕಾದರೆ ಯಂತ್ರದೊಳಗೆ ಏನು ನಡೆಯುತ್ತಿದೆಯೆಂಬ ಲೆಕ್ಕ ಮೊದಲಿನಿಂದಲೂ ಬರೆದಿಟ್ಟಿರಬೇಕು. ತೊಂದರೆ ಬಂದ ಮೇಲೆ ಗಡಿಯಾರ ತರಲು ಹೋದರೆ ಫಲವಿಲ್ಲ. ಎಷ್ಟು ಕೋರಿಕೆಗಳು ಬಂದವು, ಒಂದೊಂದಕ್ಕೂ ಎಷ್ಟು ಕಾಲ ಹಿಡಿಯಿತು, ಎಷ್ಟು ವಿಫಲವಾದವು, ಎಷ್ಟಕ್ಕೆ ಸಿದ್ಧ ಪ್ರತಿಯೇ ಸಾಕಾಯಿತು ಎಂಬುವನ್ನು ಕ್ರಮವಾಗಿ ದಾಖಲಿಸುತ್ತಾರೆ. ಈ ಅಂಕಿಗಳನ್ನು ಕೆಲವೇ ಸೆಕೆಂಡುಗಳಿಗೊಮ್ಮೆ ಸಂಗ್ರಹಿಸುವ ತಂತ್ರಾಂಶಗಳಲ್ಲಿ ಪ್ರೊಮೀಥಿಯಸ್ ಒಂದು. ದೇವತೆಗಳಿಂದ ಬೆಂಕಿಯನ್ನು ಕದ್ದು ಮನುಷ್ಯರಿಗೆ ತಂದುಕೊಟ್ಟ ಗ್ರೀಕ್ ಪುರಾಣಪುರುಷನ ಹೆಸರು ಅದು. ಹೀಗೆ ಕೂಡಿಟ್ಟ ಅಂಕಿಗಳನ್ನು ಗ್ರಾಫಾನ ಎಂಬ ಇನ್ನೊಂದು ತಂತ್ರಾಂಶವು ರೇಖಾಚಿತ್ರಗಳಾಗಿ ಬಿಡಿಸಿ ತೋರಿಸುತ್ತದೆ. ವಿಕಿಪೀಡಿಯದಲ್ಲಿ ಎರಡೂ ಬಳಕೆಯಲ್ಲಿವೆ.

ಅಂಕಿಗಳನ್ನು ಕೂಡಿಡುವುದು ಸುಲಭ. ಅವನ್ನು ಓದುವುದು ಸುಲಭವಲ್ಲ. ಸರಾಸರಿ ಎಂಬುದು ಎಷ್ಟು ಉಪಯುಕ್ತವೋ ಅಷ್ಟೇ ಮೋಸಗಾರ. ನೂರು ಕೋರಿಕೆಗಳು ಬಂದುವೆನ್ನಿ. ತೊಂಬತ್ತೈದಕ್ಕೆ ತಲಾ 0.2 ಸೆಕೆಂಡ್, ಉಳಿದ ಐದಕ್ಕೆ ತಲಾ 12 ಸೆಕೆಂಡ್ ಹಿಡಿಯಿತು. ಒಟ್ಟು 79 ಸೆಕೆಂಡ್, ಸರಾಸರಿ 0.79 ಸೆಕೆಂಡ್. ಒಂದು ಸೆಕೆಂಡಿಗಿಂತ ಕಡಿಮೆಯಲ್ಲವೆ, ಎಲ್ಲವೂ ಕ್ಷೇಮವೆಂದು ಮೇಲ್ವಿಚಾರಕನು ನೆಮ್ಮದಿಯಿಂದ ಇರಬಹುದು. ಆದರೆ 0.79 ಸೆಕೆಂಡ್ ಕಾದವನು ಆ ನೂರರಲ್ಲಿ ಒಬ್ಬನೂ ಇಲ್ಲ! ನೀವು ಗಣಿತದಲ್ಲಿ ಕಲಿಯುವ ಮಧ್ಯಾಂಕವನ್ನು ತೆಗೆದರೆ 0.2 ಸೆಕೆಂಡ್ ಬರುತ್ತದೆ. ಅದೂ ಆ ಐವರ ಗೋಳನ್ನು ಹೇಳುವುದಿಲ್ಲ. ಆದುದರಿಂದ ಬಲ್ಲವರು ಕಾಲಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ತೊಂಬತ್ತೈದನೆಯವನು ಎಷ್ಟು ಕಾದ, ತೊಂಬತ್ತೊಂಬತ್ತನೆಯವನು ಎಷ್ಟು ಕಾದ ಎಂದೂ ನೋಡುತ್ತಾರೆ. ಇಲ್ಲಿ ತೊಂಬತ್ತೊಂಬತ್ತನೆಯವನು ಕಾದದ್ದು 12 ಸೆಕೆಂಡ್.

ಹಿಂದೆ ಉಳಿದವರು ಯಾರು ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ವಿಕಿಪೀಡಿಯವನ್ನು ಸುಮ್ಮನೆ ಓದಿ ಹೋಗುವವರಿಗೆ ಸಾಮಾನ್ಯವಾಗಿ ಕ್ಯಾಶಿನ ಸಿದ್ಧ ಪ್ರತಿಯೇ ಸಿಗುವುದರಿಂದ ಪುಟ ಬೇಗ ಬರುತ್ತದೆ. ಲೇಖನವನ್ನು ತಿದ್ದಿ ಉಳಿಸುವವರಿಗೆ ಮಾತ್ರ ಪುಟವನ್ನು ಹೊಸದಾಗಿಯೇ ಕಟ್ಟಬೇಕು. ಓದುವವರ ಸಂಖ್ಯೆ ಅಪಾರ, ಬರೆಯುವವರದು ಅಲ್ಪ. ಇಬ್ಬರ ಕಾಲವನ್ನೂ ಒಟ್ಟಿಗೆ ಸೇರಿಸಿ ಅಳೆದರೆ ಬರೆಯುವವರ ಕಷ್ಟ ಲೆಕ್ಕದಲ್ಲಿ ಕರಗಿಹೋಗುತ್ತದೆ. ವಿಶ್ವಕೋಶವನ್ನು ಕೂಲಿಯಿಲ್ಲದೆ ಬೆಳೆಸುತ್ತಿರುವವರು ಅವರೇ. ಕನ್ನಡದಲ್ಲಂತೂ ಅವರ ಸಂಖ್ಯೆ ಬಹಳ ಕಡಿಮೆ. ಕಾದು ಬೇಸತ್ತು ಒಬ್ಬರು ಬಿಟ್ಟು ಹೋದರೂ ನಷ್ಟ ದೊಡ್ಡದು. ವಿಕಿಪೀಡಿಯದ ತಂತ್ರಜ್ಞರು ಉಳಿಸಲು ಹಿಡಿಯುವ ಕಾಲವನ್ನು ಪ್ರತ್ಯೇಕವಾಗಿ ಅಳೆಯುತ್ತಿದ್ದರು. 2014ರಲ್ಲಿ ಅವರು ಮೀಡಿಯಾವಿಕಿಯನ್ನು ನಡೆಸುವ ಒಳಯಂತ್ರವನ್ನು ಬದಲಾಯಿಸಿ, ಎಚ್‌ಎಚ್‌ವಿಎಂ ಎಂಬುದನ್ನು ತಂದರು. ಆ ವರ್ಷದ ಜುಲೈಗೂ ಡಿಸೆಂಬರ್ ಕೊನೆಗೂ ನಡುವೆ ಉಳಿಸುವ ಕಾಲದ ಮಧ್ಯಾಂಕ ಸುಮಾರು 7.5 ಸೆಕೆಂಡಿನಿಂದ 2.5 ಸೆಕೆಂಡಿಗೆ ಇಳಿಯಿತು. 2019ರಲ್ಲಿ ಅದನ್ನೂ ಬಿಟ್ಟು ಪಿಎಚ್‌ಪಿ ಭಾಷೆಯ ಹೊಸ ಆವೃತ್ತಿಗೆ ಹೋದರೆಂಬುದು ಬೇರೆ ಮಾತು.

ಸರ್ವರಿನ ಗಡಿಯಾರವೊಂದೇ ಸಾಲದು. ಪುಟವು ಸರ್ವರಿನಿಂದ ಹೊರಟದ್ದು ಬೇಗವೇ ಇರಬಹುದು. ಮಲೆನಾಡಿನ ಹಳ್ಳಿಯೊಂದರಲ್ಲಿ, ಕ್ಷೀಣವಾದ ಮೊಬೈಲ್ ಸಂಪರ್ಕದ ಕೊನೆಯಲ್ಲಿ ಅದು ತೆರೆದುಕೊಂಡದ್ದು ಯಾವಾಗ? ಅಂಚೆ ಪೆಟ್ಟಿಗೆಗೆ ಕಾಗದ ಹಾಕಿದ ದಿನವೇ ಅದು ಮನೆಗೆ ತಲಪಿದ ದಿನವಾಗದು. ಇದನ್ನರಿಯಲು ಓದುಗನ ಬ್ರೌಸರೇ ಹಂತಹಂತದ ಕಾಲವನ್ನು ಗುರುತಿಸಿ ತಿಳಿಸುವಂತೆ ಏರ್ಪಡಿಸುತ್ತಾರೆ. ಎಲ್ಲರಿಂದಲೂ ಅಲ್ಲ, ಕೆಲವರಿಂದ ಮಾತ್ರ. ಅಳತೆಯೂ ಒಂದು ಕೆಲಸವೇ. ಅತಿಯಾದರೆ ಅದೇ ಪುಟವನ್ನು ನಿಧಾನಗೊಳಿಸೀತು.

ಇಷ್ಟಾದ ಮೇಲೆ ಎಚ್ಚರಿಕೆಯ ಗಂಟೆಯನ್ನು ಕಟ್ಟುವ ಕೆಲಸ. ರೇಖಾಚಿತ್ರವನ್ನು ಹಗಲಿರುಳೂ ನೋಡುತ್ತ ಕೂರಲು ಯಾರಿಗೂ ಸಾಧ್ಯವಿಲ್ಲ. ಮಿತಿ ಮೀರಿದಾಗ ಹೊಣೆಗಾರನಿಗೆ ಸಂದೇಶ ಹೋಗಬೇಕು. ಒಂದು ಕ್ಷಣದ ಏರಿಕೆಗೆಲ್ಲ ಗಂಟೆ ಬಾರಿಸಿದರೆ "ತೋಳ ಬಂತು ತೋಳ" ಎಂದು ಕೂಗಿದ ಹುಡುಗನ ಕಥೆಯಾದೀತು. ಏರಿಕೆ ಐದು ನಿಮಿಷ ಮುಂದುವರಿದರೆ ಮಾತ್ರ ಬಾರಿಸು ಎಂಬಂಥ ನಿಯಮ ಮೇಲು. ಇದರೊಡನೆ, ತಂತ್ರಾಂಶದಲ್ಲಿ ಮಾಡಿದ ಒಂದೊಂದು ಬದಲಾವಣೆಯ ವೇಳೆಯನ್ನೂ ಅದೇ ಚಿತ್ರದ ಮೇಲೆ ಗುರುತು ಹಾಕಿಡುತ್ತಾರೆ. ನಡುರಾತ್ರಿಯಲ್ಲಿ ಗಂಟೆ ಬಾರಿಸಿದಾಗ, ಎದ್ದು ಬಂದವನು ಮೊದಲು ನೋಡುವುದು ಆ ಗುರುತುಗಳನ್ನೇ.